ಕೊಂಡಿ ಹಾಕುವ ಕೈಗೆ ಗಿಟಾರು

ಹೋದ ವಾರ ಅಣ್ಣನ ಮಗಳು ಫೋನಿನಲ್ಲಿ ಎರಡು ಚಿತ್ರ ಕಳಿಸಿದಳು. ಒಂದು, ಹೊಟ್ಟೆಯಲ್ಲಿ ತೂತಿರುವ ಹಳದಿ ಮರದ ಗಿಟಾರು. ಇನ್ನೊಂದು, ತೆಳ್ಳಗೆ ಕಪ್ಪಗೆ ಮಿರುಗುವ, ವಾಯರ್ ಸಿಕ್ಕಿಸುವ ಗಿಟಾರು. ಕೆಳಗೆ ಬರೆದಿದ್ದಳು: "ಅತ್ತಿ, ಹೊಸದಾಗಿ ಕಲಿಯೋರು ಯಾವದು ತಗೋಬೇಕು? ಅಕೌಸ್ಟಿಕ್ಕೋ, ಎಲೆಕ್ಟ್ರಿಕ್ಕೋ? ನೀ ಕಲ್ತಿದ್ದಿ ಅಂತಲ್ಲ, ಹೇಳು." ನಾನು ಕೂಡಲೇ ಉತ್ತರ ಬರೆಯಲಿಲ್ಲ. ಈ ಪ್ರಶ್ನೆಗೆ ಒಂದೇ ಒಂದು ಉತ್ತರವಿದೆ ಎಂದು ನಂಬಿದ್ದ ಮನುಷ್ಯ ಹುನಗುಂದದಲ್ಲಿ ತೀರಿಕೊಂಡ ಸುದ್ದಿ ಅದಕ್ಕೆ ಮೂರು ದಿನ ಮೊದಲು ಬಂದಿತ್ತು.

ತೀರಿಕೊಂಡವರ ಬಗ್ಗೆ ಮಾತಾಡುವಾಗ ಜನ ದನಿ ತಗ್ಗಿಸುತ್ತಾರೆ. ನನಗೆ ಅದು ಬರುವುದಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಸುದ್ದಿ ಕೇಳಿದ ದಿನ ಬಾಗಲಕೋಟೆಯ ನಮ್ಮ ಸೊಸೈಟಿ ಆಫೀಸಿನಲ್ಲಿ ಕೂತು ಸಂಜೆಯವರೆಗೆ ಕೆಲಸ ಮಾಡಿದೆ. ಅಳು ಬರಲಿಲ್ಲ. ಆದರೆ ಎಡಗೈ ಬೆರಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವ ಹಳೆಯ ಚಟ ಮತ್ತೆ ಶುರುವಾಯಿತು.

ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಊರಿನವರು ಗಿಟಾರ್ ಮಾಸ್ತರ ಎನ್ನುತ್ತಿದ್ದರು. ಇಳಕಲ್ಲಿನ ಬಜಾರಿನಲ್ಲಿ ಒಬ್ಬ ಟೇಲರನ ಅಂಗಡಿಯ ಮೇಲಿನ ಖೋಲಿ ಅವರ ಕ್ಲಾಸು. ವಾರಕ್ಕೆ ಮೂರು ದಿನ ನಾಲ್ಕು ಗಂಟೆಗೆ ಹುನಗುಂದದ ಬಸ್ಸಿಳಿದು ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಿಂದಕ್ಕೆ ಬಾಚಿದ ಉದ್ದ ಕೂದಲು, ಎಡಗೈ ಉಗುರು ಮಾಂಸ ಕಾಣುವಷ್ಟು ಕತ್ತರಿಸಿರುತ್ತಿತ್ತು. ತಂತಿ ಮೀಟುವ ಬಿಲ್ಲೆಯನ್ನು ಅಂಗಡಿಯಿಂದ ಕೊಂಡವರಲ್ಲ. ಮೊಬೈಲಿನ ಹಳೆಯ ರಿಚಾರ್ಜ್ ಕಾರ್ಡನ್ನು ಟೇಲರನ ಕತ್ತರಿಯಿಂದ ಕತ್ತರಿಸಿ ಮಾಡಿಕೊಳ್ಳುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಅಂಥ ನಾಲ್ಕಾರು ಬಿಲ್ಲೆ ಇರುತ್ತಿದ್ದವು. ಯಾರಾದರೂ ಚೆನ್ನಾಗಿ ಬಾರಿಸಿದರೆ ಒಂದನ್ನು ತೆಗೆದು ಕೊಡುತ್ತಿದ್ದರು. ನನಗೆ ಸಿಕ್ಕಿದ್ದು ಒಂದೇ.

ಹೊಸಬರು ಬಂದ ಮೊದಲ ದಿನ ಅವರದೊಂದು ಆಟವಿತ್ತು. ಗೋಡೆಯಲ್ಲಿ ಹಸಿರು ಬಟ್ಟೆ ಹೊದ್ದು ತೂಗುತ್ತಿದ್ದ ತಮ್ಮ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಇಳಿಸುವರು. ಮೂಲೆಯಲ್ಲಿದ್ದ ನಾಲ್ಕಾರು ಮಾಸಿದ ಅಕೌಸ್ಟಿಕ್‌ಗಳಲ್ಲಿ ಒಂದನ್ನು ಅದರ ಪಕ್ಕ ಇಡುವರು. ಅವರ ಬಾಯಲ್ಲಿ ಅವು ಕರೆಂಟ್ ಗಿಟಾರು ಮತ್ತು ಬಾಕ್ಸ್ ಗಿಟಾರು.

"ಯಾವದ ಬೇಕ ಬೇಟಾ?"

ಎಲ್ಲರೂ ಕೆಂಪಿಗೇ ಕೈ ತೋರಿಸುತ್ತಿದ್ದರು. ನಾನೂ ತೋರಿಸಿದೆ.

"ಹಾಂ, ಭಾಳ ಚಲೋ. ಎಲ್ಡ ವರ್ಷದ ಮ್ಯಾಲ ಅದು. ಈಗ ಇದು." ಎಂದವರೇ ಬಾಕ್ಸನ್ನು ಎತ್ತಿ ಹೊಸಬರ ಎದೆಗೆ ಆನಿಸಿ, ಅದರ ಹೊಟ್ಟೆಯ ಮೇಲೆ ಬೆರಳಗೆಣ್ಣಿನಿಂದ ಟಕಟಕ ಬಡಿಯುವರು. "ಎದಿಯಾಗ ಬಂತಿಲ್ಲೋ ಸೌಂಡ? ಅದು ವಾಯರ್‍ನ್ಯಾಗ ಬರೂದಿಲ್ಲ." ಆಮೇಲೆ ಕೆಂಪು ಗಿಟಾರಿಗೆ ಮತ್ತೆ ಹಸಿರು ಬಟ್ಟೆ. ಕೊಡುವ ಮನಸ್ಸಿಲ್ಲದಿದ್ದರೆ ಕೇಳುವುದು ಯಾಕೆ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಒಮ್ಮೆ ಬ್ಯಾಂಕಿನ ಸಾಹೇಬರೊಬ್ಬರು ಹುಬ್ಬಳ್ಳಿಯಿಂದ ಹೊಸ ಎಲೆಕ್ಟ್ರಿಕ್ ಗಿಟಾರು ತಂದಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಪುಟ್ಟ ಸ್ಪೀಕರ್ ಪೆಟ್ಟಿಗೆ, ಮುಖದ ಮೇಲೆ ನಗು. ಸರ್ ಅದನ್ನು ಹೊರಗೆ ತೆಗೆಯಲೂ ಬಿಡಲಿಲ್ಲ.

"ಸಾಹೇಬ್ರ, ಅದನ್ನ ಗ್ವಾಡಿ ಕಡೆ ಮುಖ ಮಾಡಿ ನಿಂದ್ರಸ್ರಿ. ಎಲ್ಡ ವರ್ಷ ನಾಚ್ಕಿ ಕಲೀಲಿ."

ನಾವು ನಕ್ಕೆವು. ಸಾಹೇಬರು ಮುಂದಿನ ವಾರದಿಂದ ಬರಲಿಲ್ಲ. ಸರ್‌ಗೆ ಅದರ ಚಿಂತೆಯೂ ಇರಲಿಲ್ಲ. ಒಬ್ಬ ಕಲಿಯುವವ ಹೋದರೆ ತಮ್ಮ ಮಾತು ಗೆದ್ದಿತು ಎಂದುಕೊಳ್ಳುವ ಜಾತಿ ಅವರದು.

ಕರೆಂಟು ಹೋದರೆ ಮಾತ್ರ ಅವರ ಮುಖ ಅರಳುತ್ತಿತ್ತು. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಎಲ್ಲಿಯದು. ಫ್ಯಾನು ನಿಂತು, ಕೆಳಗಿನ ಹೊಲಿಗೆ ಮಷೀನಿನ ಮೋಟರು ನಿಂತು, ಬಜಾರೇ ಒಂದು ಕ್ಷಣ ಸುಮ್ಮನಾದಾಗ ಅವರು ಕೈಯೆತ್ತಿ, "ಈಗ ಯಾರ ಉಳಿದ್ರು ನೋಡ್ರಿ" ಎನ್ನುತ್ತಿದ್ದರು. ಬಾಕ್ಸ್ ಎತ್ತಿಕೊಂಡು ಏನಾದರೂ ಬಾರಿಸುತ್ತಿದ್ದರು. ಖರೆ ಹೇಳಬೇಕೆಂದರೆ ಅದು ಅಂಥ ಚೆನ್ನಾಗಿ ಇರುತ್ತಿರಲಿಲ್ಲ. ತಂತಿ ಅಲ್ಲಲ್ಲಿ ಗೊರ ಎನ್ನುತ್ತಿತ್ತು. ಒಂದು ದಿನ ನಾನು ಮುಖ ಕಿವುಚಿದ್ದು ಅವರಿಗೆ ತಿಳಿಯಿತೆಂದು ಕಾಣುತ್ತದೆ.

"ನಾ ಉಲ್ಟಾ ಕಲತೆ ಬೇಟಾ. ಮೊದಲ ಕರೆಂಟ, ಆಮ್ಯಾಲ ಬಾಕ್ಸ್. ಹದಿನೇಳಕ್ಕ ಆರ್ಕೆಸ್ಟ್ರಾಕ್ಕ ಸೇರಿದೆ, ಕೈಗೆ ಕೆಂಪ ಗಿಟಾರ ಕೊಟ್ರು. ಸೌಂಡ ಜೋರ ಇತ್ತು, ತಪ್ಪ ಬಾರಿಸಿದ್ರೂ ಜನ ಸೀಟಿ ಹೊಡದ್ರು. ಅದಕ್ಕ ಈಗೂ ನನ್ನ ಬಾಕ್ಸಿಗೆ ಜೀವ ಇಲ್ಲ. ನಿಮಗ ಹಂಗ ಆಗಬಾರದು."

ಆ ಮಾತು ಕೇಳಿ ಅವತ್ತು ನನ್ನ ಕಣ್ಣು ತುಂಬಿತ್ತು. ಆಮೇಲೆ ಯೋಚನೆ ಮಾಡುತ್ತ ಹೋದ ಹಾಗೆ ಸಿಟ್ಟು ಬಂತು. ತಮಗೆ ಆದದ್ದರ ಔಷಧಿಯನ್ನು ಊರಿನವರಿಗೆಲ್ಲ ಕುಡಿಸುತ್ತಿದ್ದರು, ಎದುರಿಗೆ ಕೂತವರಿಗೆ ಏನು ಜಡ್ಡೆಂದು ಕೇಳುತ್ತಲೇ ಇರಲಿಲ್ಲ.

ಈಗ ನನ್ನ ಮನೆಯ ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ. ನಮ್ಮದು ಕೈಮಗ್ಗದ ಮನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಎಳೆಗಳ ಹಾಸು ಇಳಕಲ್ ಸೀರೆಯ ಒಡಲಿಗೆ ಒಂದು, ಸೆರಗಿಗೆ ಬೇರೆಯೇ. ಒಡಲಿನ ಎಳೆಗಳ ತುದಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸಿಕೊಂಡು ಹೋಗಬೇಕು. ಕೊಂಡಿ ಹಾಕುವುದು ಎಂದರೆ ಇದೇ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಸಾವಿರಾರು ಎಳೆ, ಅರ್ಧ ದಿನದ ಕೆಲಸ, ಕುತ್ತಿಗೆ ಸೆಟೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ಕೆಲಸವಾಗಿತ್ತು. ಹನ್ನೆರಡನೇ ವಯಸ್ಸಿಗೆ ಅವ್ವನಿಂದ ಕಲಿತಿದ್ದೆ. ಇಪ್ಪತ್ತಕ್ಕೆ, ಡಿಗ್ರಿ ಓದುವಾಗ, ಓಣಿಯಲ್ಲಿ ನನ್ನಷ್ಟು ಚಲೋ ಕೊಂಡಿ ಹಾಕುವವರು ಇರಲಿಲ್ಲ. ಹೀಗೆಂದು ನಾನೇ ಹೇಳಿಕೊಳ್ಳುವುದಕ್ಕೆ ನಾಚಿಕೆಯಿಲ್ಲ, ಯಾಕೆಂದರೆ ಈಗ ಹೇಳುವವರು ಯಾರೂ ಉಳಿದಿಲ್ಲ.

ಕೊಂಡಿ ಹಾಕುವ ಹುಡುಗಿಯ ಕೈಯನ್ನು ಮನೆಯವರು ಕಾಯುತ್ತಾರೆ. ಬೆರಳ ತುದಿ ಒರಟಾದರೆ ರೇಷ್ಮೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಎಳೆ ಸುಲಿಯುತ್ತದೆ. ಅದಕ್ಕೇ ರೊಟ್ಟಿ ಬಡಿಯುವುದು, ಬೂದಿ ಹಚ್ಚಿ ಪಾತ್ರೆ ತಿಕ್ಕುವುದು ನನಗೆ ಇರಲಿಲ್ಲ. ದಿನಾ ಬೆಳಿಗ್ಗೆ ಅವ್ವ ನನ್ನ ಬೆರಳಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಆ ತಿಕ್ಕುವ ಬಡಿಯುವ ಕೆಲಸವೆಲ್ಲ ಅಣ್ಣನ ಹೆಂಡತಿ, ನನ್ನ ವೈನಿಯ ಪಾಲಿಗೆ ಬಂದಿತ್ತು. ವೈನಿ ಎದುರಿಗೇ ಒಮ್ಮೆ ಅಂದಿದ್ದಳು, "ನಿನ್ನ ಬೆರಳೇನ ಬಂಗಾರದ್ವು, ನಮ್ಮವು ಕಟಗೀವು." ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿದ್ದದ್ದು, ಕಾಲೇಜಿಗೆ ಕಳಿಸಿದ್ದು, ಗಿಟಾರಿನ ಹುಚ್ಚನ್ನು ಅಪ್ಪ ನಕ್ಕು ಒಪ್ಪಿದ್ದು, ಎಲ್ಲಾ ಆ ಹತ್ತು ಬೆರಳಿನಿಂದ.

ಕಾಲೇಜಿನ ಗ್ಯಾದರಿಂಗಿನಲ್ಲಿ ಯಾರೋ ಹುಡುಗಿ ಗಿಟಾರು ಹಿಡಿದು ಹಾಡಿದ್ದನ್ನು ಕಂಡಾಗ ಹತ್ತಿದ ಹುಚ್ಚು ಅದು. ಎಳೆ ಹಿಡಿದು ಬೆಳೆದವಳಿಗೆ ಆರು ತಂತಿ ಏನು ಮಹಾ ಎಂದುಕೊಂಡಿದ್ದೆ. ಸರ್ ಕೊಟ್ಟ ಬಾಕ್ಸ್ ಗಿಟಾರಿನ ತಂತಿಗಳು ದಪ್ಪ ಉಕ್ಕಿನವು, ಬೆರಳೊತ್ತುವ ಪಟ್ಟಿಯಿಂದ ಬಹಳ ಎತ್ತರದಲ್ಲಿ ಬಿಗಿದಿದ್ದವು. ಒತ್ತಿ ಹಿಡಿದರೆ ಬೆರಳಿನಲ್ಲಿ ಗೀರು ಬೀಳುತ್ತಿತ್ತು. ಅಭ್ಯಾಸಕ್ಕೆಂದು ಅದನ್ನೇ ಮನೆಗೂ ಕೊಟ್ಟಿದ್ದರು, ಬಾಡಿಗೆ ಕೇಳಿರಲಿಲ್ಲ. ಇದನ್ನೂ ಹೇಳಿಬಿಡಬೇಕು. ಒಂದೇ ತಿಂಗಳಿಗೆ ಎಡಗೈಯ ನಾಲ್ಕು ಬೆರಳ ತುದಿ ದಡ್ಡುಗಟ್ಟಿದವು. ಆಮೇಲೆ ಸಿಪ್ಪೆ ಏಳತೊಡಗಿತು. ಆ ಸಿಪ್ಪೆಗೆ ರೇಷ್ಮೆ ಸಿಕ್ಕಿಕೊಂಡಿತು.

ಮೊದಲ ಸಲ ಎಳೆ ಸುಲಿದಾಗ ಯಾರಿಗೂ ಹೇಳಲಿಲ್ಲ. ಬಚ್ಚಲಿಗೆ ಹೋಗಿ, ಹಿಮ್ಮಡಿ ತಿಕ್ಕುವ ಕಲ್ಲಿನಿಂದ ಬೆರಳ ತುದಿ ತಿಕ್ಕಿದೆ. ನುಣ್ಣಗಾಯಿತು. ಎರಡು ದಿನಕ್ಕೆ ಮತ್ತೆ ಸಿಪ್ಪೆ ಎದ್ದಿತು, ಮತ್ತೆ ತಿಕ್ಕಿದೆ. ಹೀಗೆ ತಿಂಗಳುಗಟ್ಟಲೆ. ಕೆಲವು ದಿನ ತಂತಿಯ ಮೇಲೆ ರಕ್ತದ ಕಲೆ ಇರುತ್ತಿತ್ತು. ಸರ್ ಅದನ್ನು ನೋಡಿದರು. ನೋಡಿ ಖುಷಿಪಟ್ಟರು!

"ಬಂತ ನೋಡು. ಈಗ ನಿನ್ನ ಕೈ ಗಿಟಾರಿನ ಕೈ ಆಗಾಕ ಹತ್ತೇತಿ." ರಿಚಾರ್ಜ್ ಕಾರ್ಡಿನ ಆ ಒಂದು ಬಿಲ್ಲೆ ನನಗೆ ಸಿಕ್ಕಿದ್ದು ಅವತ್ತೇ.

ನಾನು ಧೈರ್ಯ ಮಾಡಿ ಕೇಳಿದೆ. "ಸರ್, ನನಗ ಕರೆಂಟ್ ಗಿಟಾರ್ ಕೊಡ್ರಿ. ಅದರ ತಂತಿ ಸಣ್ಣ ಇರ್ತಾವಂತ. ಮನ್ಯಾಗ ನಾ ಕೊಂಡಿ ಹಾಕ್ತೇನ್ರಿ. ರೇಷ್ಮಿ ಹರೀತೈತಿ."

"ರೇಷ್ಮಿ ನನಗ ಗೊತ್ತಿಲ್ಲೇನು? ನಮ್ಮ ಅಮ್ಮಿ ಹತ್ತ ಮಂದಿ ನೇಕಾರರ ಮನಿಗೆ ಕಂಡಿಕಿಗೆ ನೂಲ ಸುತ್ತತಿದ್ಲು. ತಡಕೋ. ಎಲ್ಡ ಮೂರ ತಿಂಗಳ ತಡಕೊಂಡ್ರ ಎಲ್ಲಾ ಸರಿ ಹೋಗ್ತೈತಿ."

"ತಡಕೊಳ್ಳಾಕ ಆಗೂದಿಲ್ರಿ. ಸೀರಿ ಕೆಲಸ ನಿಂದ್ರೂದಿಲ್ಲಲ್ರಿ."

"ಎಲ್ಡ ವರ್ಷ ಅಂದ್ರ ಎಲ್ಡ ವರ್ಷ. ನಿನಗೊಂದ ಕಾಯ್ದೆ, ಉಳಿದವರಿಗೊಂದ ಕಾಯ್ದೆ ಮಾಡಾಕ ಬರೂದಿಲ್ಲ ಬೇಟಾ."

ಕೆಂಪು ಗಿಟಾರು ಅವರ ತಲೆಯ ಮೇಲೇ ತೂಗುತ್ತಿತ್ತು. ಎದ್ದು ಬಟ್ಟೆ ಸರಿಸಿ ನನ್ನ ಕೈಗೆ ಕೊಡುವುದಕ್ಕೆ ಒಂದು ನಿಮಿಷ ಸಾಕಿತ್ತು. ಕಲ್ಲಿನಿಂದ ತಿಕ್ಕಿಕೊಳ್ಳುತ್ತಿದ್ದೇನೆ ಎಂದು ನಾನು ಹೇಳಲಿಲ್ಲ. ಬೆರಳಿಗೆ ಏನು ಮಾಡುತ್ತಿದ್ದಿ ಎಂದು ಅವರೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಕೆರೂರಿನಲ್ಲಿ ವೈನಿಯ ಕಡೆಯವರ ಮದುವೆ. ಅಕ್ಷತೆ ಬಿದ್ದು ಊಟಕ್ಕೆ ಕೂರುವ ಹೊತ್ತಿಗೆ ಆರ್ಕೆಸ್ಟ್ರಾ ಶುರುವಾಯಿತು. ನೋಡಿದರೆ ಸ್ಟೇಜಿನ ಮೇಲೆ ನಮ್ಮ ಸರ್! ಮಿಂಚುವ ಟಿಕಳಿ ಅಂಟಿಸಿದ ಕೋಟು, ಕೆಂಪು ಗಿಟಾರು. ಬೆರಳುಗಳು ಪಟಪಟ ಓಡುತ್ತಿದ್ದವು, ತಲೆ ಹಿಂದಕ್ಕೆ ಬಾಗಿತ್ತು. ಸ್ಪೀಕರಿನಿಂದ ಗಿಟಾರು ಎಷ್ಟು ಸ್ವಚ್ಛ ಕೇಳುತ್ತಿತ್ತೆಂದರೆ ನನಗೆ ಹೆಮ್ಮೆಯಾಯಿತು. ಪಕ್ಕದಲ್ಲಿ ಕೂತ ಹೆಂಗಸಿಗೆ, "ಅವ್ರು ನಮ್ಮ ಸರ್" ಎಂದೂ ಹೇಳಿದೆ.

ಊಟವಾದ ಮೇಲೆ ಕೈ ತೊಳೆಯಲು ಸ್ಟೇಜಿನ ಹಿಂದಿನ ನಳಕ್ಕೆ ಹೋದೆ. ಸರ್ ಅವರ ಗಿಟಾರಿನಿಂದ ಇಳಿದು ಬಂದ ಕರಿ ವಾಯರ್ ಅಲ್ಲಿಯೇ ಇತ್ತು. ಜಮಖಾನೆಯ ಅಂಚಿನ ಕೆಳಗೆ ತೂರಿ, ಹಾರಬಾರದೆಂದು ಒಂದು ಇಟ್ಟಿಗೆ ಹೇರಿದ್ದರು. ಅದರ ತುದಿ ಯಾವುದಕ್ಕೂ ಸಿಕ್ಕಿಸಿರಲಿಲ್ಲ. ಕೀಬೋರ್ಡಿನವ ಒಂದು ಪೆನ್‌ಡ್ರೈವ್ ಹಾಕಿ ಹಾಯಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಹಾಡು, ಡೋಲು, ಗಿಟಾರು ಎಲ್ಲಾ ಅದರೊಳಗಿಂದಲೇ ಬರುತ್ತಿತ್ತು. ಸ್ಟೇಜಿನ ಮೇಲೆ ಸರ್ ಕೈ ಮಾತ್ರ ಆಡಿಸುತ್ತಿದ್ದರು.

ಅವರು ನನ್ನನ್ನು ನೋಡದಿರಲಿ ಎಂದು ಬೇಗ ಬಂದುಬಿಟ್ಟೆ. ಬಾಕ್ಸ್ ಬಾಕ್ಸ್ ಎಂದು ಯಾಕೆ ಬಡಿದುಕೊಳ್ಳುತ್ತಾರೆ ಎಂಬುದು ಅವತ್ತು ತಿಳಿಯಿತು. ವಾಯರ್ ಇಲ್ಲದ ಗಿಟಾರಿಗೆ ಇಂಥ ಅವಮಾನ ಯಾರೂ ಮಾಡಲಾರರು. ಯಾರಿಗೂ ಹೇಳಬಾರದು ಎಂದುಕೊಂಡೆ. ಹದಿನೈದು ದಿನ ಹೇಳಲಿಲ್ಲ.

ಆ ಹದಿನೈದು ದಿನದಲ್ಲಿ ಬಾದಾಮಿಯ ಮದುಮಗಳೊಬ್ಬಳಿಗೆ ಪೂರಾ ರೇಷ್ಮೆಯ ಸೀರೆ ಮಗ್ಗಕ್ಕೆ ಏರಿತು. ಕೊಂಡಿ ಹಾಕಿದ್ದು ನಾನೇ. ಬೆರಳು ಉರಿಯುತ್ತಿತ್ತು, ಎಳೆ ಎಲ್ಲೆಲ್ಲಿ ಸಿಕ್ಕಿತೋ ಅಲ್ಲಲ್ಲಿ ಬಿಡಿಸುತ್ತ ಹೋದೆ, ನಡೆದೀತು ಎಂದುಕೊಂಡೆ. ಅಪ್ಪ ನೇಯುತ್ತ ಒಡಲು ಮುಗಿಸಿ ಜೋಡಣೆಯ ಜಾಗಕ್ಕೆ ಬಂದಾಗ ಸೆರಗಿನ ಎಳೆ ಕಡಿಯತೊಡಗಿದವು. ಒಂದು, ಎರಡು, ಆಮೇಲೆ ಸಾಲಾಗಿ. ಮಗ್ಗದ ಸದ್ದು ನಿಂತಿತು. ಅಪ್ಪ ನನ್ನನ್ನು ಕರೆದ. ಸಿಟ್ಟಿನ ದನಿಯಲ್ಲ. ನನ್ನ ಎಡಗೈ ಹಿಡಿದು, ಕಿಟಕಿಯ ಬೆಳಕಿಗೆ ಹೊರಳಿಸಿ, ಒಂದೊಂದೇ ಬೆರಳು ನೋಡಿದ.

"ಈ ಕೈ ಇನ್ನ ರೇಷ್ಮಿಗಲ್ಲವಾ," ಎಂದ. ಅಷ್ಟೇ.

ಮರುದಿನ ಬೆಳಿಗ್ಗೆ ಅವ್ವ ಎಣ್ಣೆ ಬಟ್ಟಲು ತಂದಳು. ವೈನಿಯ ಮುಂದೆ ಕೂತು ಅವಳ ಕೈ ತೆಗೆದುಕೊಂಡಳು. ಬಚ್ಚಲ ಹತ್ತಿರ ಬೂದಿ, ತೆಂಗಿನ ನಾರು, ಹಿಂದಿನ ದಿನದ ಪಾತ್ರೆಗಳಿದ್ದವು. ಯಾರೂ ನನಗೆ ತಿಕ್ಕು ಎನ್ನಲಿಲ್ಲ. ನಾನೇ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಹಗುರಾಗುತ್ತಿದ್ದೆ. ಬೈಯಲಿಲ್ಲ.

ಆ ಸಿಟ್ಟನ್ನು ಹೊತ್ತುಕೊಂಡೇ ಕ್ಲಾಸಿಗೆ ಹೋದೆ. ಏಳೆಂಟು ಜನ ಕೂತಿದ್ದರು. ಒಬ್ಬ ಹೊಸಬ ಬಂದಿದ್ದ. ಸರ್ ಎರಡು ಗಿಟಾರು ಎದುರಿಗೆ ಇಟ್ಟು ತಮ್ಮ ಆಟ ನಡೆಸಿದ್ದರು. ಹೊಸಬ ಕೆಂಪಿಗೆ ಕೈ ತೋರಿಸಿದ. "ಹಾಂ, ಎಲ್ಡ ವರ್ಷದ ಮ್ಯಾಲ. ಈ ಬಾಕ್ಸ್ ನೋಡು, ಇದು ಎಂದೂ ಸುಳ್ಳ ಹೇಳೂದಿಲ್ಲ," ಎಂದರು.

"ಖರೇರಿ ಸರ್," ಎಂದೆ ನಾನು. "ಕೆರೂರದಾಗ ನಿಮ್ಮ ಕೆಂಪ ಗಿಟಾರ್ ಭಾಳ ಸುಳ್ಳ ಹೇಳ್ತಲ್ರಿ. ವಾಯರ್ ತುದಿ ಇಟ್ಟಂಗಿ ಬುಡಕ ಬಿದ್ದಿತ್ತು. ನೀವು ಬರೇ ಕೈ ಆಡಸಾಕ ಹತ್ತಿದ್ರಿ."

ಹಿಂದೆ ಕೂತ ಯಾರೋ ಕಿಸಕ್ಕೆಂದರು. ಸರ್ ಮುಖ ಮೇಲೆತ್ತಲಿಲ್ಲ. ಹೊಸಬನ ಎದುರಿಗಿದ್ದ ಕೆಂಪು ಗಿಟಾರನ್ನು ಎತ್ತಿದರು. ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು. ವಾಯರಿನ ಒಂದು ತುದಿಯನ್ನು ಗಿಟಾರಿಗೆ, ಇನ್ನೊಂದನ್ನು ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿದರು. ಸಿಕ್ಕಿಸಿದ್ದನ್ನು ನನಗೆ ಕಾಣುವ ಹಾಗೆ ಹಿಡಿದರು. ಗಿಟಾರನ್ನು ನನ್ನ ತೊಡೆಯ ಮೇಲಿಟ್ಟರು.

"ತಗೋ. ಇವತ್ತಿಂದ ಇದ್ರಾಗ ಕಲಿ."

"ಚಹಾ ಕುಡದ ಬರ್ತೇನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಮೆಟ್ಟಿಲಿಳಿದರು.

ನಾನು ತಂತಿ ಒತ್ತಿದೆ. ಇವತ್ತಿಗೂ ಆ ಕ್ಷಣ ನನ್ನನ್ನು ಸುಡುತ್ತದೆ. ತಂತಿ ಎಷ್ಟು ಮೆತ್ತಗಿದ್ದವು! ತೆಳ್ಳಗೆ, ಪಟ್ಟಿಗೆ ಹತ್ತಿ ಕೂತಿದ್ದವು. ಬೆರಳಿಟ್ಟರೆ ಸಾಕು, ಸ್ವರ ಬರುತ್ತಿತ್ತು. ನೋವೇ ಇರಲಿಲ್ಲ. ಆರು ತಿಂಗಳ ಹಿಂದೆ ಇದನ್ನು ಕೊಟ್ಟಿದ್ದರೆ ನನ್ನ ಬೆರಳು ಇಷ್ಟು ಹಾಳಾಗುತ್ತಿರಲಿಲ್ಲ. ಏನೂ ಬಾರಿಸದೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಆರು ಗಂಟೆಯಾಯಿತು. ಸರ್ ಬರಲಿಲ್ಲ.

ಮುಂದಿನ ಕ್ಲಾಸಿನ ದಿನ ಖೋಲಿಗೆ ಬೀಗ. ಕೆಳಗಿನ ಟೇಲರ್, "ಮಾಸ್ತರ ಸಾಮಾನ ತಗೊಂಡ ಹ್ವಾದ್ರು, ಇನ್ನ ಬರೂದಿಲ್ಲಂತ," ಎಂದ. ಮನೆಯಲ್ಲಿದ್ದ ಬಾಕ್ಸ್ ಗಿಟಾರನ್ನು ಅವನ ಅಂಗಡಿಯಲ್ಲೇ ಬಿಟ್ಟು ಬಂದೆ. ಆ ಬಿಲ್ಲೆಯನ್ನೂ ಅದರ ತಂತಿಯ ನಡುವೆ ಸಿಕ್ಕಿಸಿ ಬಿಟ್ಟೆ.

ಆಮೇಲೆ ಅವರು ಇಳಕಲ್ಲಿನ ಹೊರಗೆ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರುತ್ತಿದ್ದಾರೆಂದು ಕೇಳಿದೆ. ಆರ್ಕೆಸ್ಟ್ರಾ ಬಿಟ್ಟಿದ್ದರಂತೆ. ದಿನವಿಡೀ ಕಲ್ಲು ಕೊಯ್ಯುವ ಸದ್ದಿನಲ್ಲಿ ಕಿವಿಯೂ ಮಂದವಾಗಿತ್ತಂತೆ. ನಾನು ಡಿಗ್ರಿ ಮುಗಿಸಿ ಬಾಗಲಕೋಟೆಗೆ ಕೆಲಸಕ್ಕೆ ಬಂದೆ. ಕೊಂಡಿಯನ್ನೂ ಹಾಕಲಿಲ್ಲ, ಗಿಟಾರನ್ನೂ ಮುಟ್ಟಲಿಲ್ಲ.

ಒಮ್ಮೆ ಮಾತ್ರ ಸಿಕ್ಕಿದ್ದರು, ಬಸ್ಸಿನಲ್ಲಿ. ನಾನು ಹುನಗುಂದದಲ್ಲಿ ಹತ್ತಿದೆ, ಬೇರೆ ಸೀಟಿರಲಿಲ್ಲ. ಕಿಟಕಿಯ ಬದಿ ಕೂತಿದ್ದವರು ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು. ಕೂದಲು ಗಿಡ್ಡ ಮಾಡಿಸಿದ್ದರು, ಬೆಳ್ಳಗಾಗಿತ್ತು. ಬಸ್ಸು ಅಮೀನಗಡ ದಾಟಿತು. ಆಮೇಲೆ ನನ್ನ ಮಡಿಲಿನ ಕಡೆ ನೋಡುತ್ತ ಕೇಳಿದರು.

"ಬೆರಳ ಹ್ಯಾಂಗದಾವ ಬೇಟಾ?"

"ಮೆತ್ತಗಾಗ್ಯಾವ್ರಿ," ಎಂದೆ. ಕಿವಿ ಮಂದವೆಂದು ಗೊತ್ತಿದ್ದರಿಂದ ಜೋರಾಗಿಯೇ ಹೇಳಿದೆ. ಮೆತ್ತಗಾದದ್ದು ಏನೂ ಮಾಡದೆ ಇದ್ದುದಕ್ಕೆ ಎಂದು ಅವರಿಗೆ ತಿಳಿಯಲಿ ಎಂದೇ ಹೇಳಿದೆ. ಅವರಿಗೆ ತಿಳಿಯಿತು. ಕಿಟಕಿಯ ಕಡೆ ತಿರುಗಿದರು, ಶಿರೂರಿನಲ್ಲಿ ಇಳಿದು ಹೋದರು. ಇಳಿಯುವಾಗ ಹೋಗ್ತೇನಿ ಎಂದರೋ ಇಲ್ಲವೋ ನನಗೆ ಕೇಳಿಸಲಿಲ್ಲ.

ಅಣ್ಣನ ಮಗಳ ಪ್ರಶ್ನೆ ಬಂದ ಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ಗಿಟಾರು ಕಲಿಸುವವರು ಈಗ ಅಲ್ಲಿ ಸಾಲುಗಟ್ಟಿದ್ದಾರೆ. ಯಾವುದರಿಂದ ಶುರು ಮಾಡಿದರೂ ನಡೆಯುತ್ತದೆ, ಬೆರಳು ನೋಯುವವರು ಎಲೆಕ್ಟ್ರಿಕ್ ತಗೊಳ್ಳಿ ಎನ್ನುತ್ತಾನೆ ಒಬ್ಬ, ನಗುನಗುತ್ತ. ಎರಡು ವರ್ಷದ ಕಾಯ್ದೆ ಎಲ್ಲಿಯೂ ಇಲ್ಲ. ಇನ್ನೊಬ್ಬ ಹೇಳಿದ್ದು ಕೇಳಿ ಫೋನು ಕೆಳಗಿಟ್ಟೆ. ದಡ್ಡುಗಟ್ಟಿದ ಬೆರಳನ್ನು ಕಲ್ಲಿನಿಂದ ತಿಕ್ಕಬೇಡಿ, ಎರಡು ಮೂರು ತಿಂಗಳು ಹಾಗೇ ಬಿಟ್ಟರೆ ಸಿಪ್ಪೆ ನಿಂತು ಚರ್ಮ ತಾನಾಗಿ ನುಣುಪಾಗುತ್ತದೆ, ತಿಕ್ಕಿದಷ್ಟೂ ಮತ್ತೆ ಒರಟಾಗುತ್ತದೆ. ಸರ್ ತಡಕೋ ಎಂದದ್ದು ಇದಕ್ಕೇ ಇರಬೇಕು. ತಿಕ್ಕಬ್ಯಾಡ ಎಂದು ಒಂದು ಮಾತು ಸೇರಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತಿಕ್ಕುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ನನ್ನದೇನು ಹೋಗುತ್ತಿತ್ತು?

ಸರ್ ಮನೆಗೆ ಹೋಗಿ ಬರಲೆಂದು ಹತ್ತಿದ ಹುನಗುಂದದ ಬಸ್ಸಿನಲ್ಲಿ ಕೂತು ಹುಡುಗಿಗೆ ಬರೆದೆ: "ಎಲೆಕ್ಟ್ರಿಕ್ ತಗೋ. ಇಲ್ಲಂದ್ರ ಅಂಗಡ್ಯಾಗ ಎರಡೂ ಒತ್ತಿ ನೋಡು, ಯಾವದು ಕಡಿಮಿ ನೋಯ್ತೈತಿ ಅದನ್ನ ತಗೋ." ಅವಳು ಒಂದು ನಗುವ ಮುಖ ಕಳಿಸಿದಳು. ಅವಳ ಬೆರಳು ಒರಟಾಗಬಾರದು ಎಂದು ಕಾಯುವವರು ಈಗ ಯಾರೂ ಇಲ್ಲ. ಅಣ್ಣ ಕೈಮಗ್ಗ ತೆಗೆದು ಪವರ್‌ಲೂಮ್ ಹಾಕಿ ಎಂಟು ವರ್ಷವಾಯಿತು. ಆ ಮನೆಯಲ್ಲಿ ಈಗ ಯಾರೂ ಕೈಯಿಂದ ಕೊಂಡಿ ಹಾಕುವುದಿಲ್ಲ.

ಸರ್ ಮನೆ ಹುನಗುಂದದ ಒಳ ಓಣಿಯಲ್ಲಿತ್ತು. ಅವರ ಹೆಂಡತಿ ಒಳಗಿನ ಖೋಲಿಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನನ್ನನ್ನು ಅವರು ಎಂದೂ ನೋಡಿರಲಿಲ್ಲ. ಗೋಡೆಗೆ ಆ ಮಾಸಿದ ಬಾಕ್ಸ್ ಗಿಟಾರು ಆನಿಸಿತ್ತು, ತಂತಿ ಸಡಿಲ ಮಾಡಿದ್ದರು. ಕೆಂಪು ಗಿಟಾ‌ರು ಕಾಣಲಿಲ್ಲ. ಪಕ್ಕದ ಮನೆಯ ಹೆಂಗಸು ಚಹಾ ತಂದುಕೊಟ್ಟು ಹೋದಳು.

"ಇಳಕಲ್ಲಿಂದ ಬಂದ್ರೇನವಾ? ಆ ಊರ ಹೆಸರ ಕೇಳಿದ್ರನ ನನಗ ಮೈ ಉರೀತೈತಿ," ಎಂದರು ಅವರು. ನಾನು ಇಲ್ಲಿಯವಳೆಂದೂ ಅಲ್ಲಿಯವಳೆಂದೂ ಹೇಳಲಿಲ್ಲ. ಅವರೇ ಮುಂದುವರಿಸಿದರು. "ಒಬ್ಬಾಕಿ ಹುಡುಗಿ, ನೇಕಾರರಾಕಿ. ಎಲ್ಲಾರ ಮುಂದ ಅವರ ಮಾನ ಕಳದ್ಲು. ಅವತ್ತ ಮನಿಗೆ ಬಂದವ್ರು ಮತ್ತ ಯಾರಿಗೂ ಕಲಸಲಿಲ್ಲ. ಆಕಿ ಕೈ ಸೇದಿ ಹೋಗ್ಲಿ ಅಂತ ನಾ ಶಾಪ ಹಾಕಿದೆ. ಅದಕ್ಕ ನನಗ ಬೈದ್ರು ನೋಡವಾ, ಎಂದೂ ಬೈದವರಲ್ಲ. 'ಆಕಿ ಬಾಯಿಗೆ ಬೇಕಾದ್ದ ಅನ್ನು, ಕೈಗೆ ಮಾತ್ರ ಏನೂ ಅನಬ್ಯಾಡ. ಕೈ ಮೊದಲ ನಾ ಕೆಡಸೇನಿ' ಅಂದ್ರು. ಅದೇನ ಕೆಡಿಸಿದ್ರೋ, ನನಗೇನ ಗೊತ್ತು. ಮುಂದ ಎಷ್ಟ ಕೇಳಿದ್ರೂ ಹೇಳಲಿಲ್ಲ."

ನನ್ನ ಎಡಗೈಯಲ್ಲಿ ಚಹಾದ ಕಪ್ಪಿತ್ತು. ಅದನ್ನು ಕೆಳಗಿಟ್ಟೆ, ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡೆ. ನಾನೇ ಆಕಿ ಎನ್ನುವುದಕ್ಕೆ ಅದಕ್ಕಿಂತ ಸರಿಯಾದ ಗಳಿಗೆ ಬೇರೆ ಇರಲಿಲ್ಲ. ಹದಿನೈದು ವರ್ಷದ ಹಿಂದೆ ತಡೆಯಲಾರದೆ ಹೋದ ಬಾಯಿ ಅವತ್ತು ಬಿಗಿದುಕೊಂಡು ಕೂತಿತು. ಅವರು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು.

"ನೀವೂ ಅವರ ಹಂತೇಕ ಗಿಟಾರ್ ಕಲ್ತೀರೇನವಾ?"

"ಇಲ್ರಿ ಅಮ್ಮಾ," ಎಂದೆ. "ನಾ ಏನೂ ಕಲೀಲಿಲ್ರಿ."